ದೂರು ಕೊಟ್ಟವರೇ ಏಕೆ ಕಾಯಬೇಕು?

ಕೆಲಸದ ಜಾಗದಲ್ಲಿ ತನಗೆ ಅನ್ಯಾಯವಾಗಿದೆ ಎಂದು ಒಬ್ಬರು ಬರೆದುಕೊಟ್ಟರೆ ಸಾಕು, ಸುತ್ತಲಿನವರೆಲ್ಲ ಒಂದೇ ಬುದ್ಧಿಮಾತು ಹೇಳಲು ಶುರು ಮಾಡುತ್ತಾರೆ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಾದರೆ ಪಕ್ಕದ ಮೆಷಿನ್ನಿನ ಅಕ್ಕ, "ಕೊಟ್ಟಾಯ್ತಲ್ಲ, ಇನ್ನು ಸುಮ್ನಿರು, ಅವ್ರೇ ಕರೀತಾರೆ" ಅನ್ನುತ್ತಾಳೆ. ವೈಟ್‌ಫೀಲ್ಡಿನ ಗಾಜಿನ ಕಟ್ಟಡದಲ್ಲಾದರೆ ಮ್ಯಾನೇಜರ್ ಅದನ್ನೇ ನಯವಾಗಿ, "ಪ್ರೋಸೆಸ್ ನಡೀತಾ ಇದೆ, ಸ್ವಲ್ಪ ನಂಬಿಕೆ ಇಡಿ" ಅನ್ನುತ್ತಾನೆ. ಮನೆಗೆ ಬಂದರೆ ಬ್ಯಾಂಕಿನಿಂದ ನಿವೃತ್ತರಾದ ದೊಡ್ಡಪ್ಪ, ತಾಳಿದವನು ಬಾಳಿಯಾನು ಎಂಬ ಗಾದೆ ಎತ್ತಿಕೊಳ್ಳುತ್ತಾರೆ. ಮೂವರೂ ಒಳ್ಳೆಯವರೇ. ಮೂವರೂ ಹೇಳುತ್ತಿರುವುದು ತಪ್ಪು.

ಈ ಮಾತಿನ ಹಿಂದೆ ಒಂದು ನಂಬಿಕೆಯಿದೆ. ದೂರು ಕೊಟ್ಟಮೇಲೆ ಚೆಂಡು ಆಡಳಿತದ ಅಂಗಳದಲ್ಲಿರುತ್ತದೆ, ಅವರು ಉತ್ತರಿಸುವವರೆಗೆ ಯಾರಿಗೂ ಲಾಭವಿಲ್ಲ ನಷ್ಟವೂ ಇಲ್ಲ, ಆ ನಡುವಿನ ದಿನಗಳು ಖಾಲಿ ದಿನಗಳು ಎಂಬ ನಂಬಿಕೆ. ವಾಸ್ತವದಲ್ಲಿ ಅಷ್ಟು ತುಂಬಿದ ದಿನಗಳು ಬೇರೆ ಇಲ್ಲ. ಉತ್ತರ ಬಾರದ ಪ್ರತಿ ದಿನವೂ ಒಬ್ಬರ ಪರವಾಗಿ ಕೆಲಸ ಮಾಡುತ್ತದೆ, ಆ ಒಬ್ಬರು ದೂರು ಕೊಟ್ಟವರಲ್ಲ.

ಮೊದಲು ಇದನ್ನು ನೋಡಿ. ಕೆಲಸಗಾರ ತಪ್ಪು ಮಾಡಿದ್ದಾನೆ ಎಂದು ಆಡಳಿತಕ್ಕೆ ಅನ್ನಿಸಿದರೆ ಎಷ್ಟು ಹೊತ್ತು ಬೇಕಾಗುತ್ತದೆ? ಬೆಳಗಿನ ಪಾಳಿಯಲ್ಲಿ ಸೂಪರ್‌ವೈಸರ್ ಜೊತೆ ಜಗಳವಾದರೆ ಸಂಜೆ ಪಂಚ್ ಮಾಡಿ ಹೊರಡುವಷ್ಟರಲ್ಲಿ ಮೆಮೊ ಕೈಯಲ್ಲಿರುತ್ತದೆ. ನಲವತ್ತೆಂಟು ಗಂಟೆಯೊಳಗೆ ಸಮಜಾಯಿಷಿ ಕೊಡತಕ್ಕದ್ದು, ತಪ್ಪಿದರೆ ನಿಮ್ಮಲ್ಲಿ ಹೇಳಲು ಏನೂ ಇಲ್ಲವೆಂದು ಭಾವಿಸಿ ಮುಂದಿನ ಕ್ರಮ ಜರುಗಿಸಲಾಗುವುದು ಎಂದು ಅದರಲ್ಲಿ ಬರೆದಿರುತ್ತದೆ. ಆ ಕಾಗದವನ್ನು ಸಿದ್ಧಪಡಿಸುವುದೂ ಇದೇ ಎಚ್.ಆರ್. ವಿಭಾಗ, ಇದೇ ಸಿಬ್ಬಂದಿ, ಇದೇ ಪ್ರಿಂಟರ್. ಅದೇ ಕೆಲಸಗಾರ ಸೂಪರ್‌ವೈಸರ್ ಮೇಲೆ ದೂರು ಕೊಟ್ಟಾಗ ಮಾತ್ರ ಇಡೀ ವಿಭಾಗಕ್ಕೆ ಆಮೆಯ ನಡಿಗೆ ಬರುತ್ತದೆ. "ಮೇಲಕ್ಕೆ ಕಳಿಸಿದೀವಮ್ಮ, ನೋಡೋಣ." ಮೇಲೆ ಅಂದರೆ ಯಾರು, ಕಳಿಸಿದ್ದು ಯಾವತ್ತು ಎಂದು ಕೇಳಿದರೆ ಮುಖ ಗಂಟಿಕ್ಕುತ್ತದೆ. ಕೆಲಸಗಾರನ ಮೌನಕ್ಕೆ ತಪ್ಪೊಪ್ಪಿಗೆ ಎಂಬ ಅರ್ಥ, ಆಡಳಿತದ ಮೌನಕ್ಕೆ ಪರಿಶೀಲನೆ ಎಂಬ ಅರ್ಥ. ಈ ಇಬ್ಬಗೆಯ ನ್ಯಾಯವನ್ನು ನಾವು ಪ್ರಶ್ನಿಸುವುದೇ ಇಲ್ಲ.

ಕಾನೂನಿನ ಲೆಕ್ಕದಲ್ಲೂ ಈ ದಿನಗಳು ಖಾಲಿಯಲ್ಲ. ಲೈಂಗಿಕ ಕಿರುಕುಳ ತಡೆಗೆ 2013ರಲ್ಲಿ ಬಂದ ಪಾಶ್ ಕಾಯ್ದೆಯ ಪ್ರಕಾರ ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತ ದೂರು ಸಮಿತಿಯ ಮುಂದಿರಬೇಕು, ಸಕಾರಣವಿದ್ದರೆ ಇನ್ನು ಮೂರು ತಿಂಗಳು ವಿಸ್ತರಿಸಬಹುದು. ಅಲ್ಲಿಗೆ ಬಾಗಿಲು ಮುಚ್ಚಿತು. 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದ ಒಂದು ಪ್ರಕರಣದಲ್ಲಿ ವಿಶ್ವವಿದ್ಯಾಲಯವೊಂದರ ಅಧ್ಯಾಪಕಿ ಕುಲಪತಿಯ ಮೇಲೆ ಕೊಟ್ಟ ದೂರು ಅವಧಿ ಮೀರಿದೆ ಎಂಬ ಕಾರಣಕ್ಕೇ ನಿಲ್ಲಲಿಲ್ಲ. ಆ ತೀರ್ಪು ಆರೋಪಿತರ ಸ್ವವಿವರದ ಭಾಗವಾಗಿರಬೇಕು ಎಂದು ನ್ಯಾಯಾಲಯ ಹೇಳಿತು, ನಿಜ. ಆದರೆ ವಿಚಾರಣೆ ನಡೆಯಲಿಲ್ಲ. ಈಗ ಒಬ್ಬ ಹುಡುಗಿಯನ್ನು ಯೋಚಿಸಿ. ತನ್ನ ಟೀಮ್ ಲೀಡ್‌ಗೆ ಬಾಯಲ್ಲಿ ಹೇಳಿರುತ್ತಾಳೆ, ಎಚ್.ಆರ್.ಗೆ ಫೋನಿನಲ್ಲಿ ಹೇಳಿರುತ್ತಾಳೆ, ಅವರು "ನಾವು ಮಾತಾಡ್ತೀವಿ, ಈಗಲೇ ಬರೆದು ಕೊಡೋದು ಬೇಡ" ಅಂದಿರುತ್ತಾರೆ. ಅವಳು ತಾಳಿಕೊಂಡಿರುತ್ತಾಳೆ. ಅವಳ ತಾಳ್ಮೆಯನ್ನು ಯಾವ ಕಾಯ್ದೆಯೂ ತಾನಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ, ಕಳೆದ ತಿಂಗಳುಗಳನ್ನು ಮಾತ್ರ ಹಿಡಿಯುತ್ತದೆ. ಬಾಯಲ್ಲಿ ಹೇಳಿ ಕಾದದ್ದಕ್ಕೆ ಸಾಕ್ಷಿಯೂ ಇರುವುದಿಲ್ಲ.

ಇನ್ನು ಕಾರ್ಖಾನೆಯ ಒಳಗೆ ಆ ದಿನಗಳಲ್ಲಿ ಏನು ನಡೆಯುತ್ತದೆ ಎಂಬುದು ದೂರು ಕೊಟ್ಟವರಿಗಷ್ಟೇ ಗೊತ್ತು. ದೂರು ಒಳಗೆ ಹೋದ ದಿನವೇ ಅದು ಯಾರ ಮೇಲಿದೆಯೋ ಅವನ ಕಿವಿಗೆ ಬಿದ್ದಿರುತ್ತದೆ. ಕಾಲರ್ ಹೊಲಿಯುತ್ತಿದ್ದವಳನ್ನು ಕೈ ಕೂರದ ಬೇರೆ ಆಪರೇಷನ್‌ಗೆ ಹಾಕುತ್ತಾರೆ. ಟಾರ್ಗೆಟ್ ಮುಟ್ಟುವುದಿಲ್ಲ. ಮುಟ್ಟಲಿಲ್ಲ ಎಂದು ಲೈನಿನ ನಡುವೆ ಎಲ್ಲರೆದುರು ಕೂಗಾಟ. ಅರ್ಧ ದಿನ ರಜೆ ಕೇಳಿದರೆ ಇಲ್ಲ. ಟಾಯ್ಲೆಟ್‌ಗೆ ಹೋಗಿ ಬಂದ ಹೊತ್ತನ್ನು ಎಣಿಸುವವರು ಹುಟ್ಟಿಕೊಳ್ಳುತ್ತಾರೆ. ಜೊತೆಗೆ ಊಟ ಮಾಡುತ್ತಿದ್ದವರು ಡಬ್ಬಿ ಎತ್ತಿಕೊಂಡು ಬೇರೆ ಬೆಂಚಿಗೆ ಹೋಗುತ್ತಾರೆ, ಕೆಟ್ಟವರಾಗಿ ಅಲ್ಲ, ಅವರಿಗೂ ಬಾಡಿಗೆ, ಮಕ್ಕಳ ಫೀಸು, ಚೀಟಿ ಇದೆ. ಸಾಕ್ಷಿ ಹೇಳುತ್ತೇನೆ ಎಂದಿದ್ದ ಹೆಲ್ಪರ್ ಹುಡುಗಿ ಬೇರೆ ಯೂನಿಟ್ಟಿಗೆ ವರ್ಗವಾಗುತ್ತಾಳೆ ಅಥವಾ ಊರಿಗೆ ಹೋದವಳು ಬರುವುದಿಲ್ಲ. ಸಿ.ಸಿ. ಕ್ಯಾಮೆರಾದ ಹಳೆಯ ದೃಶ್ಯಗಳ ಮೇಲೆ ಹೊಸ ದೃಶ್ಯಗಳು ತಾವಾಗಿ ಅಚ್ಚಾಗುತ್ತವೆ, ಅದಕ್ಕೆ ಯಾರೂ ಸಂಚು ಮಾಡಬೇಕಾಗಿಯೂ ಇಲ್ಲ. ಕೊನೆಗೆ ವಿಚಾರಣೆ ಅಂತ ಕರೆದಾಗ ಉಳಿದಿರುವುದು ಅವಳ ಮಾತು, ಅವನ ಮಾತು, ಮತ್ತು ಅವಳು ಸತತವಾಗಿ ಟಾರ್ಗೆಟ್ ತಪ್ಪಿಸಿದ್ದಾಳೆ ಎಂಬ ದಾಖಲೆ. ದೂರಿಗೆ ಮೊದಲು ಇಲ್ಲದ ಈ ದಾಖಲೆಯನ್ನು ಹುಟ್ಟಿಸಿದ್ದು ಕಾಯುವಿಕೆಯೇ.

ಅನೇಕ ಕಾರ್ಖಾನೆಗಳಲ್ಲಿ ದೂರು ಪೆಟ್ಟಿಗೆ ಇರುತ್ತದೆ. ಬ್ರ್ಯಾಂಡಿನ ಆಡಿಟ್‌ನವರು ಬಂದಾಗ ಅದಕ್ಕೆ ಹೊಸ ಬಣ್ಣ. ಅದನ್ನು ಎಲ್ಲಿ ನೇತುಹಾಕಿದ್ದಾರೆ, ಅದರ ಎದುರಿಗೆ ಯಾರ ಮೇಜಿದೆ, ಬೀಗದ ಕೈ ಯಾರ ಹತ್ತಿರ ಇದೆ ಎಂದು ಒಮ್ಮೆ ವಿಚಾರಿಸಿ ನೋಡಿ.

ಇಷ್ಟು ಹೇಳಿದರೆ ಬರುವ ಮೊದಲ ಆಕ್ಷೇಪ ನ್ಯಾಯವಾದದ್ದೇ: ವಿಚಾರಣೆಗೆ ಸಮಯ ಬೇಡವೆ? ಆರೋಪ ಹೊತ್ತವನಿಗೂ ಮರ್ಯಾದೆ, ಮನೆ ಮಠ ಇಲ್ಲವೆ? ಇದೆ. ಆದರೆ ಈ ಪ್ರಶ್ನೆ ಕೇಳುವವರು ಎರಡು ಬೇರೆ ವಸ್ತುಗಳನ್ನು ಒಂದೇ ಚೀಲಕ್ಕೆ ಹಾಕುತ್ತಿದ್ದಾರೆ. ಪಾಶ್ ಕಾಯ್ದೆ ಮತ್ತು ಅದರ ನಿಯಮಗಳಲ್ಲಿ ಸಮಯ ಇದೆ, ಧಾರಾಳವಾಗಿಯೇ ಇದೆ. ಏಳು ಕೆಲಸದ ದಿನಗಳೊಳಗೆ ದೂರಿನ ಪ್ರತಿ ಆರೋಪಿತನಿಗೆ, ಅವನ ಉತ್ತರಕ್ಕೆ ಹತ್ತು ಕೆಲಸದ ದಿನ, ವಿಚಾರಣೆಗೆ 90 ದಿನ, ವರದಿಗೆ ಹತ್ತು ದಿನ, ವರದಿಯ ಮೇಲೆ ಮಾಲೀಕರು ಕ್ರಮ ಕೈಗೊಳ್ಳಲು 60 ದಿನ. ನಡುವೆ ದೂರುದಾರಳಿಗೆ ವರ್ಗಾವಣೆ ಅಥವಾ ಮೂರು ತಿಂಗಳವರೆಗಿನ ರಜೆ ಕೊಡಿಸಲು ಸಮಿತಿಗೆ ಅಧಿಕಾರವಿದೆ. ಇದು ವಿಚಾರಣೆಯ ಸಮಯ. ಪ್ರತಿ ಹಂತಕ್ಕೂ ತಾರೀಕಿದೆ, ಇವತ್ತು ಯಾರು ಏನು ಮಾಡಬೇಕು ಎಂದು ಕೇಳಬಹುದು. ನಾನು ಖಂಡಿಸುತ್ತಿರುವುದು ತಾರೀಕಿಲ್ಲದ ಸಮಯವನ್ನು. ಅದು ಆರೋಪಿತನಿಗೂ ಒಳ್ಳೆಯದು ಮಾಡುವುದಿಲ್ಲ. ನಿರಪರಾಧಿಯಾಗಿದ್ದರೆ ಅವನು ತಿಂಗಳುಗಟ್ಟಲೆ ಗುಸುಗುಸುವಿನ ನಡುವೆ ಓಡಾಡಬೇಕು. ತಡದಿಂದ ಖಚಿತವಾಗಿ ಲಾಭವಾಗುವುದು ನಿಜವಾಗಿ ತಪ್ಪು ಮಾಡಿದವನಿಗೆ, ಮತ್ತು ಅವನನ್ನು ಬಿಟ್ಟುಕೊಡಲು ಮನಸ್ಸಿಲ್ಲದ ಆಡಳಿತಕ್ಕೆ.

ಸಮಯವೇ ಬೇಕಾಗಿರುವುದಾದರೆ ದಿಂಡಿಗಲ್ ಏನು ಹೇಳುತ್ತದೆ? ತಮಿಳುನಾಡಿನ ಆ ಜಿಲ್ಲೆಯ ಗಾರ್ಮೆಂಟ್ಸ್ ಕಾರ್ಖಾನೆಯೊಂದರ ದಲಿತ ಯುವತಿ 2021ರ ಜನವರಿಯಲ್ಲಿ ತನ್ನ ಸೂಪರ್‌ವೈಸರ್ ಕೈಯಲ್ಲೇ ಕೊಲೆಯಾದಳು. ಕಿರುಕುಳ ಮೊದಲಿನಿಂದಲೂ ಇತ್ತು, ಕೇಳುವವರಿರಲಿಲ್ಲ ಎಂದು ಜೊತೆಯವರು ಹೇಳಿದರು. ಮಹಿಳೆಯರೇ ಮುನ್ನಡೆಸುವ ತಮಿಳುನಾಡು ಜವಳಿ ಮತ್ತು ಸಾಮಾನ್ಯ ಕಾರ್ಮಿಕ ಸಂಘ ಸುಮ್ಮನಿರಲಿಲ್ಲ. 2022ರ ಏಪ್ರಿಲ್‌ನಲ್ಲಿ ಸಂಘ, ಕಾರ್ಖಾನೆಯ ಮಾಲೀಕರು ಮತ್ತು ಎಚ್ ಅಂಡ್ ಎಂ ಸೇರಿದಂತೆ ಬ್ರ್ಯಾಂಡ್‌ಗಳು ಸಹಿ ಹಾಕಿದ ಒಪ್ಪಂದವೊಂದು ಜಾರಿಗೆ ಬಂತು. ಪ್ರತಿ ಲೈನಿನಲ್ಲೂ ಕಣ್ಣಿಡಲು ಕೆಲಸಗಾರ್ತಿಯರಿಗೇ ತರಬೇತಿ ಕೊಟ್ಟರು, ದೂರು ಕೇಳಲು ಆಡಳಿತದ ಹಿಡಿತಕ್ಕೆ ಸಿಗದ ವ್ಯವಸ್ಥೆ ಮಾಡಿದರು. ಮೊದಲ ವರ್ಷದ ವರದಿಯ ಪ್ರಕಾರ ಬಂದ 185 ದೂರುಗಳಲ್ಲಿ 182 ಬಗೆಹರಿದವು, ಬಹುಪಾಲು ಒಂದು ವಾರದೊಳಗೆ. ಅದೇ ಕಾರ್ಖಾನೆ, ಅದೇ ಮೆಷಿನ್ನುಗಳು, ಅದೇ ಎಕ್ಸ್‌ಪೋರ್ಟ್ ಆರ್ಡರಿನ ಒತ್ತಡ. ಬದಲಾದದ್ದು ಇಷ್ಟೇ: ಉತ್ತರ ಕೊಡದಿದ್ದರೆ ಆರ್ಡರ್ ಹೋಗುತ್ತದೆ ಎಂಬ ಭಯ ಈಗ ಮಾಲೀಕರ ಕಡೆಗೆ ಬಂದಿತ್ತು. ದೂರುಗಳು ಜಟಿಲ, ಅದಕ್ಕೇ ತಡ ಎಂದು ಇನ್ನು ಯಾರೂ ನನ್ನ ಮುಂದೆ ಹೇಳಬಾರದು.

ನಮ್ಮ ರಾಜ್ಯದಲ್ಲೇ ನಾವು ಇದನ್ನು ಬೇರೊಂದು ಕಡೆ ಒಪ್ಪಿಕೊಂಡಿದ್ದೇವೆ. ಸಕಾಲ ನೆನಪಿದೆಯಷ್ಟೆ. 2011ರಲ್ಲಿ ಕಾಯ್ದೆ, 2012ರಲ್ಲಿ ಜಾರಿ. ತಹಶೀಲ್ದಾರರ ಕಚೇರಿಯಲ್ಲಿ ಜಾತಿ ಪ್ರಮಾಣಪತ್ರಕ್ಕೆ ಅರ್ಜಿ ಕೊಟ್ಟರೆ ಹದಿನೈದು ಅಂಕಿಯ ಸಂಖ್ಯೆಯಿರುವ ಸ್ವೀಕೃತಿ ಕೈಗೆ ಬರಬೇಕು, ಇಂಥ ದಿನದೊಳಗೆ ಕೆಲಸವಾಗಬೇಕು, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಅರ್ಜಿದಾರರಿಗೆ ಪರಿಹಾರ, ಅದು ಅಧಿಕಾರಿಯ ಸಂಬಳದಿಂದ. ಸಕಾಲ ಹೇಳಿದಷ್ಟು ಚೆನ್ನಾಗಿ ನಡೆಯುತ್ತಿದೆ ಎಂದು ನಾನು ವಾದಿಸುವುದಿಲ್ಲ, ಆ ಸಾಲಿನಲ್ಲಿ ನಿಂತವರು ನಗುತ್ತಾರೆ. ಆದರೆ ತತ್ವ ನೋಡಿ. ಒಂದು ಪ್ರಮಾಣಪತ್ರಕ್ಕಾಗಿ ಅನಿರ್ದಿಷ್ಟ ಕಾಲ ಕಾಯಿಸುವುದು ಅಪಮಾನ ಎಂದು ನಮ್ಮ ವಿಧಾನಸಭೆ ಒಪ್ಪಿತು. ಸರ್ಕಾರಿ ಕಚೇರಿಯ "ನಾಳೆ ಬಾ" ಸೋಮಾರಿತನ, ಖಾಸಗಿ ಕಂಪನಿಯ "ಪರಿಶೀಲನೆಯಲ್ಲಿದೆ" ವೃತ್ತಿಪರತೆ ಎಂದು ಭಾವಿಸುವ ಮಧ್ಯಮ ವರ್ಗ ಒಮ್ಮೆ ಈ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಲಿ.

ಕಾಯದಿದ್ದರೆ ಏನಾಗುತ್ತದೆ ಗೊತ್ತೇ, ನರಸಾಪುರ ಆಗುತ್ತದೆ ಎನ್ನುವವರಿದ್ದಾರೆ. ಸರಿ, ಕೋಲಾರದ ನರಸಾಪುರಕ್ಕೇ ಹೋಗೋಣ. 2020ರ ಡಿಸೆಂಬರ್ 12ರ ಬೆಳಗ್ಗೆ ರಾತ್ರಿ ಪಾಳಿ ಮುಗಿಸಿದ ಕಾರ್ಮಿಕರು ವಿಸ್ಟ್ರಾನ್‌ನ ಐಫೋನ್ ಕಾರ್ಖಾನೆಯಲ್ಲಿ ಗಾಜು ಒಡೆದರು, ವಾಹನ ಉರುಳಿಸಿದರು. ಅದನ್ನು ಸಮರ್ಥಿಸಲು ಸಾಧ್ಯವಿಲ್ಲ, ನೂರಕ್ಕೂ ಹೆಚ್ಚು ಜನ ಜೈಲಿಗೆ ಹೋದರು, ಅವರಲ್ಲಿ ಅನೇಕರು ಕೆಲಸಕ್ಕೆ ಸೇರಿ ವರ್ಷವೂ ಆಗದ ಹುಡುಗರು. ಆದರೆ ಅವರು ಕಾಯದೆ ಹಾಗೆ ಮಾಡಿದರೆ? ಹೇಳಿದ್ದ ಸಂಬಳ ಕೈಗೆ ಬರುತ್ತಿಲ್ಲ, ಹಾಜರಿ ತಪ್ಪಾಗಿ ದಾಖಲಾಗುತ್ತಿದೆ, ಓವರ್‌ಟೈಮ್ ಸೇರಿಲ್ಲ ಎಂಬ ಗೊಣಗಾಟ ಅದಕ್ಕೂ ಮೊದಲೇ ಇತ್ತು. ಗುತ್ತಿಗೆದಾರನನ್ನು ಕೇಳಿದರೆ ಕಂಪನಿ, ಕಂಪನಿಯನ್ನು ಕೇಳಿದರೆ ಗುತ್ತಿಗೆದಾರ. ಘಟನೆಯ ನಂತರ ರಾಜ್ಯದ ಕಾರ್ಖಾನೆಗಳ ಇಲಾಖೆ ಕೊಟ್ಟ ವರದಿಯಲ್ಲಿ ಒಂದು ವಿವರವಿದೆ: ಕೆಲಸಗಾರರ ಸಂಖ್ಯೆ ಅಲ್ಪ ಕಾಲದಲ್ಲಿ 5,000ದಿಂದ 10,500ಕ್ಕೆ ಏರಿತ್ತು, ಆದರೆ ಕಾರ್ಮಿಕ ಕಾನೂನು ಬಲ್ಲವರಿಂದ ಎಚ್.ಆರ್. ವಿಭಾಗವನ್ನು ಕಟ್ಟಿರಲಿಲ್ಲ. ಅಂದರೆ ದೂರು ಹೇಳಲು ಹೋದರೆ ಎದುರಿಗೆ ಕುರ್ಚಿಯೇ ಇರಲಿಲ್ಲ. ಕಂಪನಿ ಆಮೇಲೆ ತಾನೇ ಒಪ್ಪಿಕೊಂಡಿತು, ಕೆಲವರಿಗೆ ಸರಿಯಾಗಿ, ಸಕಾಲಕ್ಕೆ ಸಂಬಳ ಕೊಟ್ಟಿಲ್ಲ ಎಂದು. ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷನನ್ನು ತೆಗೆಯಿತು, ಕ್ಷಮೆ ಕೇಳಿತು. ಆಪಲ್ ಕಂಪನಿಯು ವಿಸ್ಟ್ರಾನ್‌ಗೆ ಹೊಸ ಆರ್ಡರ್ ಕೊಡುವುದನ್ನು ನಿಲ್ಲಿಸಿ ಪರೀಕ್ಷೆಯ ಅವಧಿಗೆ ಹಾಕಿತು. ಇದೆಲ್ಲ ಆದದ್ದು ಒಂದೇ ವಾರದಲ್ಲಿ. ಕ್ಷಮೆ, ತನಿಖೆ, ಕ್ರಮ ಎಲ್ಲವನ್ನೂ ಏಳೆಂಟು ದಿನದಲ್ಲಿ ಮಾಡಬಲ್ಲ ಸಂಸ್ಥೆಗೆ ಅದಕ್ಕೂ ಮೊದಲಿನ ತಿಂಗಳುಗಳಲ್ಲಿ ಒಂದು ಹಾಜರಿ ಪಟ್ಟಿ ಸರಿಪಡಿಸಲು ಪುರಸೊತ್ತಿರಲಿಲ್ಲ. ನರಸಾಪುರ ತಾಳ್ಮೆಯ ಪರವಾದ ಉದಾಹರಣೆ ಎಂದು ಹೇಳಲು ಧೈರ್ಯ ಬೇಕು.

ತಾಳಿಕೊಂಡವರ ಕಥೆಯೂ ಅದೇ ವರ್ಷದ್ದೇ ಇದೆ. ಕನಿಷ್ಠ ವೇತನದ ಜೊತೆ 2020ರ ಏಪ್ರಿಲ್‌ನಿಂದ ಸಿಗಬೇಕಿದ್ದ ತುಟ್ಟಿಭತ್ಯೆ ತಿಂಗಳಿಗೆ ಸುಮಾರು 417 ರೂಪಾಯಿ. ಕೊರೊನಾ ನೆಪದಲ್ಲಿ ರಾಜ್ಯ ಸರ್ಕಾರ ಅದನ್ನು ಮುಂದೂಡಲು ಅವಕಾಶ ಕೊಟ್ಟಿತು. ಗಾರ್ಮೆಂಟ್ಸ್ ಕಾರ್ಮಿಕರ ಸಂಘ ಹೈಕೋರ್ಟಿಗೆ ಹೋಯಿತು, ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಕಾರ್ಮಿಕರ ಪರ ನಿಂತಿತು. ಆದರೂ ರಾಜ್ಯದ ನೂರಾರು ಕಾರ್ಖಾನೆಗಳು ಕೊಡಲಿಲ್ಲ, ನಾಲ್ಕು ಲಕ್ಷ ಜನ ಕಾದರು. 2021ರ ನವೆಂಬರ್ ಹೊತ್ತಿಗೆ ಒಬ್ಬೊಬ್ಬರ ಬಾಕಿ ಎಂಟು ಸಾವಿರ ರೂಪಾಯಿ ದಾಟಿತ್ತು, ಹೆಚ್ಚುಕಡಿಮೆ ಒಂದು ತಿಂಗಳ ಸಂಬಳ. ಅಷ್ಟು ಹೊತ್ತಿಗೆ ಕೆಲಸ ಬಿಟ್ಟು ಊರು ಸೇರಿದವರು ಎಷ್ಟೋ. ಕೊನೆಗೆ ದುಡ್ಡು ಅಲುಗಾಡಿದ್ದು ವಿದೇಶದ ಪತ್ರಿಕೆಗಳಲ್ಲಿ ಸುದ್ದಿಯಾಗಿ, ವರ್ಕರ್ ರೈಟ್ಸ್ ಕನ್ಸಾರ್ಟಿಯಂ ಎಂಬ ಅಮೆರಿಕದ ಸಂಸ್ಥೆ ಬ್ರ್ಯಾಂಡ್‌ಗಳ ಕತ್ತು ಹಿಡಿದ ಮೇಲೆ, 2022ರ ಆರಂಭದಲ್ಲಿ. ಕಾದದ್ದರಿಂದ ಬಂದ ದುಡ್ಡಲ್ಲ ಅದು.

ಬ್ಯಾಂಕಿನ ದೊಡ್ಡಪ್ಪನವರಿಗೆ ಇಲ್ಲಿ ಒಂದು ಮಾತು. ನೀವು ತಾಳಿದಿರಿ, ಬಾಳಿದಿರಿ, ಒಪ್ಪಿದೆ. ಆದರೆ ನಿಮ್ಮ ಹಿಂದೆ ಗಟ್ಟಿಯಾದ ಯೂನಿಯನ್ ಇತ್ತು, ನಿಮ್ಮ ದೂರಿಗೆ ಮ್ಯಾನೇಜರ್ ಉತ್ತರ ಕೊಡದಿದ್ದರೆ ಮರುದಿನ ಊಟದ ಹೊತ್ತಿಗೆ ಶಾಖೆಯ ಮುಂದೆ ಘೋಷಣೆ ಕೇಳುತ್ತಿತ್ತು. ನಿಮ್ಮ ತಾಳ್ಮೆಗೆ ಅದು ಬೆನ್ನೆಲುಬು. ಒಬ್ಬಂಟಿಯಾಗಿ ಕೂತ ಸಾಫ್ಟ್‌ವೇರ್ ಹುಡುಗನಿಗೆ ಅದೇ ಉಪದೇಶ ಕೊಡುವಾಗ ಗಾದೆಯ ಅರ್ಧವನ್ನು ನೀವು ನಿಮ್ಮ ಹತ್ತಿರವೇ ಇಟ್ಟುಕೊಂಡಿದ್ದೀರಿ.

ಸಾಫ್ಟ್‌ವೇರ್ ಜಗತ್ತಿನಲ್ಲಂತೂ ದೂರು ಹಿಡಿದು ಕಂಪನಿಯ ಹೊರಗೆ ಹೋಗುವುದೆಂದರೆ ಮನೆಯ ಮಾತನ್ನು ಬೀದಿಗೆ ತಂದಂತೆ. ನಾವೆಲ್ಲ ಒಂದು ಕುಟುಂಬ ಎಂದು ಗೋಡೆಯ ಮೇಲೆ ಬರೆದಿರುತ್ತದೆ. ಆದರೆ 2014ರಲ್ಲಿ ಕರ್ನಾಟಕ ಸರ್ಕಾರ ಐಟಿ ಕಂಪನಿಗಳಿಗೆ, ಸೇವಾ ಷರತ್ತುಗಳನ್ನು ಬರೆದಿಡಬೇಕೆನ್ನುವ ಸ್ಥಾಯಿ ಆದೇಶಗಳ ಕಾಯ್ದೆಯಿಂದ ವಿನಾಯಿತಿ ಕೊಟ್ಟಾಗ, ಮತ್ತೆ 2019ರಲ್ಲೂ 2024ರಲ್ಲೂ ಅದನ್ನು ಐದೈದು ವರ್ಷ ಮುಂದುವರಿಸಿದಾಗ, ಷರತ್ತುಗಳನ್ನು ಹಾಕಿತ್ತು. ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿ ಇರಬೇಕು. ನೌಕರರಿಗೂ ಆಡಳಿತಕ್ಕೂ ಸಮಾನ ಸ್ಥಾನವಿರುವ ಕುಂದುಕೊರತೆ ಸಮಿತಿ ಇರಬೇಕು. ಅಮಾನತು, ವಜಾ, ಹಿಂಬಡ್ತಿಗಳ ಮಾಹಿತಿ ಕಾರ್ಮಿಕ ಇಲಾಖೆಗೆ ಹೋಗಬೇಕು. ನಿಮ್ಮ ಕಂಪನಿಯ ಕುಂದುಕೊರತೆ ಸಮಿತಿಯಲ್ಲಿ ನೌಕರರ ಪರ ಯಾರಿದ್ದಾರೆ, ಅವರನ್ನು ಆರಿಸಿದ್ದು ಯಾರು ಎಂದು ಪರಿಚಯದ ಟೆಕ್ಕಿಗಳನ್ನು ಕೇಳಿದ್ದೇನೆ. ಹಾಗೊಂದು ಇದೆಯಾ ಎಂಬ ಮರುಪ್ರಶ್ನೆಯೇ ಸಾಮಾನ್ಯ. ಕಾನೂನಿನಿಂದ ವಿನಾಯಿತಿ ಕೇಳಲು ವಿಧಾನಸೌಧದವರೆಗೆ ಹೋಗುವ ಕುಟುಂಬ, ಮಗ ಕಾರ್ಮಿಕ ಭವನದವರೆಗೆ ಹೋದರೆ ಮಾನ ಹೋಯಿತು ಅನ್ನುತ್ತದೆ.

ಗೋಪ್ಯತೆಯ ಹೆಸರಿನಲ್ಲೂ ಬಾಯಿ ಮುಚ್ಚಿಸುವುದುಂಟು. ಪಾಶ್ ಕಾಯ್ದೆ ದೂರಿನ ವಿವರವನ್ನು ಸಾರ್ವಜನಿಕರಿಗೆ, ಪತ್ರಿಕೆಗಳಿಗೆ ಕೊಡಬಾರದು ಎನ್ನುತ್ತದೆ. ಪೊಲೀಸ್ ಠಾಣೆಗೆ ಹೋಗಬಾರದು ಎಂದು ಎಲ್ಲೂ ಹೇಳುವುದಿಲ್ಲ. ಸಂತ್ರಸ್ತೆ ಪೊಲೀಸರಿಗೆ ದೂರು ಕೊಡಲು ಬಯಸಿದರೆ ನೆರವಾಗುವುದು ಮಾಲೀಕರ ಕರ್ತವ್ಯ ಎಂದು ಅದೇ ಕಾಯ್ದೆ ಬರೆದಿದೆ.

ಎಚ್.ಆರ್.ನವರು ಖಳರು ಎಂದು ಇದರ ಅರ್ಥವಲ್ಲ. ದೂರು ಸ್ವೀಕರಿಸುವ ಹುಡುಗಿಗೆ ಇಪ್ಪತ್ತೈದಾರು ವರ್ಷ, ಅವಳ ಇನ್‌ಕ್ರಿಮೆಂಟ್ ಬರೆಯುವವನು ಪ್ಲಾಂಟ್ ಮ್ಯಾನೇಜರ್, ದೂರು ಇರುವುದು ಪ್ಲಾಂಟ್ ಮ್ಯಾನೇಜರ್‌ನ ಅಚ್ಚುಮೆಚ್ಚಿನವನ ಮೇಲೆ. ಅವಳಿಂದ ನ್ಯಾಯ ನಿರೀಕ್ಷಿಸುವುದು ಅವಳಿಗೆ ಮಾಡುವ ಅನ್ಯಾಯವೂ ಹೌದು. ಹೊರಗಿನಿಂದ ಒಂದು ಕಾಗದ ಬಂದರೆ ಅವಳಿಗೂ ಅನುಕೂಲ: "ಸಾರ್, ಲೇಬರ್ ಆಫೀಸಿನಿಂದ ಬಂದಿದೆ" ಎಂದು ಅವಳು ಧೈರ್ಯವಾಗಿ ಒಳಗೆ ಹೋಗಬಹುದು.

ಉಳಿದಿರುವುದು ಕೆಲಸ ಹೋಗುವ ಭಯ. ಅದು ಸುಳ್ಳು ಭಯವಲ್ಲ, ಅದನ್ನು ಹಗುರ ಮಾಡಿ ಮಾತಾಡುವವರನ್ನು ನಂಬಬೇಡಿ. ಆದರೆ ಸುಮ್ಮನೆ ಕಾದರೆ ಕೆಲಸ ಉಳಿಯುತ್ತದೆ ಎಂಬುದು ಇನ್ನೂ ದೊಡ್ಡ ಭ್ರಮೆ. 1947ರ ಕೈಗಾರಿಕಾ ವಿವಾದ ಕಾಯ್ದೆಯ 33ನೇ ಕಲಮಿನಲ್ಲಿದ್ದ ರಕ್ಷಣೆ, 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಮುಂದುವರಿದಿದೆ: ವಿವಾದ ಸಂಧಾನಾಧಿಕಾರಿಯ ಮುಂದೆ ನಡೆಯುತ್ತಿರುವಾಗ ಅದಕ್ಕೆ ಸಂಬಂಧಿಸಿದ ವಿಷಯದಲ್ಲಿ ಕಾರ್ಮಿಕರ ಸೇವಾ ಷರತ್ತು ಬದಲಿಸಲು, ವಜಾ ಮಾಡಲು ಮಾಲೀಕರಿಗೆ ಅಧಿಕಾರಿಯ ಲಿಖಿತ ಅನುಮತಿ ಬೇಕು. ಎಚ್.ಆರ್. ಮೇಜಿನ ಡ್ರಾಯರ್‌ನಲ್ಲಿ ಮಲಗಿರುವ ದೂರಿಗೆ ಈ ಬೇಲಿ ಇಲ್ಲ. ಅದೇ ಸಂಹಿತೆಯ ಪ್ರಕಾರ ಇಪ್ಪತ್ತು ಅಥವಾ ಹೆಚ್ಚು ಕಾರ್ಮಿಕರಿರುವಲ್ಲಿ ಕುಂದುಕೊರತೆ ಪರಿಹಾರ ಸಮಿತಿ ಇರಬೇಕು, ಅರ್ಜಿಗೆ ಒಂದು ವರ್ಷದ ಗಡುವು, ಸಮಿತಿಗೆ 30 ದಿನ, ಬಗೆಹರಿಯದಿದ್ದರೆ 60 ದಿನದೊಳಗೆ ಸಂಘದ ಮೂಲಕ ಸಂಧಾನಾಧಿಕಾರಿಯ ಬಳಿಗೆ. ಸಂಘದ ಮೂಲಕ ಎಂಬುದನ್ನು ಗಮನಿಸಿ. ಸಂಘವಿಲ್ಲದವರು ಈ ದಾರಿಯ ನಡುವೆಯೇ ನಿಲ್ಲುತ್ತಾರೆ. ಮ್ಯಾನೇಜರ್ ದರ್ಜೆಯವರಿಗಂತೂ ಈ ದಾರಿಯೇ ಇಲ್ಲ, ಆ ಹುದ್ದೆಯ ಹೆಸರನ್ನು ಈಗ ಎಲ್ಲರಿಗೂ ಯಾಕೆ ಹಂಚುತ್ತಾರೆ ಎಂಬುದು ಬೇರೆಯೇ ಲೇಖನದ ವಿಷಯ.

ಗುತ್ತಿಗೆ ಕಾರ್ಮಿಕರದು ಇವರೆಲ್ಲರಿಗಿಂತ ಕಷ್ಟ. ಹನ್ನೊಂದು ತಿಂಗಳ ಗುತ್ತಿಗೆ ಮುಗಿಯಲು ಎರಡು ತಿಂಗಳಿರುವಾಗ ಕೊಟ್ಟ ದೂರಿಗೆ ಕಂಪನಿ ಉತ್ತರಿಸಬೇಕಾದ ಅಗತ್ಯವೇ ಬೀಳುವುದಿಲ್ಲ, ಕ್ಯಾಲೆಂಡರ್ ಅವರ ಕೆಲಸ ಮಾಡಿಕೊಡುತ್ತದೆ. ಇಂಥವರಿಗೆ ಕಾಯಿರಿ ಅನ್ನುವುದು ಬುದ್ಧಿಮಾತಲ್ಲ, ದಗಾ. ಹತ್ತು ಜನರಿಲ್ಲದ ಜಾಗದಲ್ಲಿ ದುಡಿಯುವ ಅಥವಾ ಮಾಲೀಕನ ಮೇಲೇ ದೂರಿರುವ ಹೆಂಗಸರಿಗೆ ಪಾಶ್ ಕಾಯ್ದೆಯಡಿ ಜಿಲ್ಲೆಯ ಸ್ಥಳೀಯ ಸಮಿತಿ ಇದೆ, ಅಲ್ಲಿಗೆ ಹೋಗಲು ಕಂಪನಿಯ ಅಪ್ಪಣೆ ಬೇಡ. ಸಂಬಳದ ವಿಷಯದಲ್ಲಿ ಗುತ್ತಿಗೆದಾರ ಕೈಯೆತ್ತಿದರೆ ಮೂಲ ಮಾಲೀಕನೇ ಕೊಡಬೇಕು ಎಂದು 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆ ಹೇಳಿತ್ತು, ಅದರ ಜಾಗಕ್ಕೆ ಬಂದ ಸಂಹಿತೆಯೂ ಹೇಳುತ್ತದೆ. ಕಾಂಟ್ರಾಕ್ಟರ್‌ನನ್ನು ಕೇಳು ಎಂದು ಗೇಟಿನಿಂದಲೇ ಹಿಂದಕ್ಕೆ ಕಳಿಸುವ ಕಂಪನಿಯನ್ನು ಇದೇ ಮಾತು ಹಿಡಿದು ಬರವಣಿಗೆಯಲ್ಲೇ ಕೇಳಬೇಕು, ಉತ್ತರಕ್ಕೆ ತಾರೀಕು ಹಾಕಿ. ಒಂದು ಪ್ರತಿ ಕಾರ್ಮಿಕ ಅಧಿಕಾರಿಗೆ, ಒಂದು ಪ್ರತಿ ಸಂಘಕ್ಕೆ, ಅದೇ ದಿನ.